ಗಂಟು ರೋಗ ಮತ್ತು ಕಣ್ಣಿನ ಹೂವು: ಚನ್ನಪಟ್ಟಣ ಸೀಮೆಯಲ್ಲಿ ಪರೋಪಜೀವಿ ರೋಗಪತ್ತೆಯ ಎರಡು ಚರಿತ್ರೆಗಳು

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಮದ್ದಿನ ಪಟ್ಟಿಗಳಾಗಿಯೇ ಉಳಿದಿವೆ. ಯಾವ ಸೊಪ್ಪು, ಯಾವ ಬೇರು, ಯಾವ ಹೊತ್ತು, ಯಾವ ಪಥ್ಯ ಎಂಬುದನ್ನು ಕ್ಷೇತ್ರಕಾರ್ಯದಲ್ಲಿ ಶ್ರದ್ಧೆಯಿಂದ ಬರೆದುಕೊಂಡಿದ್ದೇವೆ. ಮದ್ದು ಬಿದ್ದ ಮೇಲೆ ರೋಗಿಗೆ ಏನಾಯಿತೆಂಬುದನ್ನು ಬರೆದುಕೊಂಡದ್ದು ಕಡಿಮೆ. ಈ ಕೊರತೆ ಎಲ್ಲ ರೋಗಗಳ ಸಂದರ್ಭದಲ್ಲಿಯೂ ಇದ್ದರೂ ಕಣ್ಣಿನ ಸಂದರ್ಭದಲ್ಲಿ ಅದರ ಪರಿಣಾಮ ಗಂಭೀರವಾದುದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು ದಪ್ಪವಿರುವ, ರಕ್ತನಾಳಗಳಿಲ್ಲದ ಒಂದು ಪದರ. ಅದರ ಆಳಕ್ಕೆ ಇಳಿದ ಗಾಯ ಮಾಯುವಾಗ ಕಲೆಯನ್ನು ಬಿಟ್ಟುಹೋಗುತ್ತದೆ, ಆ ಕಲೆ ದೃಷ್ಟಿಗೆ ಅಡ್ಡವಾಗುತ್ತದೆ.

ಕಾರ್ನಿಯಾಕ್ಕೆ ತಗಲುವ ಪರೋಪಜೀವಿ ಸೋಂಕುಗಳ ಪತ್ತೆ ಮತ್ತು ಚಿಕಿತ್ಸೆಯ ಚರಿತ್ರೆಯನ್ನು ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರ ಸೀಮೆಯ ಜನಪದ ಹಿನ್ನೆಲೆಯಲ್ಲಿಟ್ಟು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಇದು ರೇಷ್ಮೆಯ ನಾಡು. ಕಣ್ಣಿಗೆ ಕಾಣದ ಒಂದು ಪರೋಪಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿ ನಿರ್ಣಯ ಕೊಡುವ ಪದ್ಧತಿ ಇಲ್ಲಿಗೆ ಬಂದು ಶತಮಾನವೇ ಆಗಿದೆ. ಆದರೆ ಆ ಪದ್ಧತಿ ಬಂದದ್ದು ಹುಳುವಿನ ರೋಗಕ್ಕೆ. ಮನುಷ್ಯನ ಕಣ್ಣಿಗೆ ಅದೇ ಬಗೆಯ ಪರೀಕ್ಷೆ ಒದಗಿದ್ದು ಬಹಳ ತಡವಾಗಿ. ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಓದಿದಾಗ ಜಾನಪದ ವಿದ್ವಾಂಸರ ಹೊಣೆ ಏನೆಂಬ ಪ್ರಶ್ನೆಯೂ ಎದುರಾಗುತ್ತದೆ.

೧. ಕಣ್ಣು ಬೇನೆಯ ಪದಸಂಪತ್ತು

ಆಡುಮಾತಿನಲ್ಲಿ ಕಣ್ಣಿನ ಭಾಗಗಳಿಗೆ ಖಚಿತವಾದ ಹೆಸರುಗಳಿವೆ: ರೆಪ್ಪೆ, ಎವೆ, ಬಿಳಿಗುಡ್ಡೆ, ಕರಿಗುಡ್ಡೆ, ಪಾಪೆ. ಕಾರ್ನಿಯಾಕ್ಕೆ ಮಾತ್ರ ಪ್ರತ್ಯೇಕ ಹೆಸರಿಲ್ಲ. ಇದು ಜನಪದರ ಅಜ್ಞಾನವಲ್ಲ. ತಿಳಿಯಾಗಿರುವ ಪಟಲ ಕಣ್ಣಿಗೆ ಬೀಳುವುದಿಲ್ಲ, ಅದರ ಹಿಂದಿನ ಕಪ್ಪು ಮಾತ್ರ ಕಾಣುತ್ತದೆ. ಪಟಲ ಮಸುಕಾದ ದಿನ ಅದಕ್ಕೊಂದು ಹೆಸರು ಬರುತ್ತದೆ: ಕಣ್ಣಿಗೆ ‘ಹೂ ಬಿದ್ದಿದೆ’ ಎನ್ನುತ್ತಾರೆ. ಮುಪ್ಪಿನಲ್ಲಿ ಒಳಗಿನ ಮಸೂರ ಮಬ್ಬಾಗುವುದಕ್ಕೆ ‘ಪೊರೆ’ ಎಂಬ ಬೇರೆಯೇ ಮಾತಿದೆ. ಪೊರೆಯನ್ನೂ ಹೂವನ್ನೂ ಜನಪದ ಭಾಷೆ ಬೇರ್ಪಡಿಸಿ ಗುರುತಿಸಿದೆಯೆಂಬುದು ಗಮನಾರ್ಹ. ಸಿಡುಬು ಇದ್ದ ಕಾಲದಲ್ಲಿ ‘ಅಮ್ಮ’ ಬಂದುಹೋದ ಮಕ್ಕಳ ಕಣ್ಣಲ್ಲಿ ಹೂ ಉಳಿಯುವುದು ಸಾಮಾನ್ಯವಾಗಿತ್ತು. ೧೯೭೫ರ ನಂತರ ಭಾರತದಲ್ಲಿ ಸಿಡುಬು ಇಲ್ಲವಾದರೂ ಆ ಮಾತು ಉಳಿದುಕೊಂಡಿದೆ.

ರೋಗಲಕ್ಷಣಗಳಿಗೂ ಇಂಥದೇ ಸಂಪತ್ತಿದೆ. ಕಣ್ಣು ಕರಕರ ಎನ್ನುವುದು, ಮಳಲು ಬಿದ್ದಂತಾಗುವುದು, ಚುಚ್ಚುವುದು, ನೀರು ಸೋರುವುದು, ಗೀಜು ಕಟ್ಟುವುದು, ಬೆಳಕು ನೋಡಲಾಗದಿರುವುದು ಎಂಬ ಮಾತುಗಳು ನೇತ್ರವೈದ್ಯರು ಕೇಳುವ ಪ್ರಶ್ನೆಗಳಿಗೆ ನೇರ ಉತ್ತರಗಳಾಗಬಲ್ಲವು. ಗೀಜು ಹೆಚ್ಚಾಗಿದ್ದು ಎರಡೂ ಕಣ್ಣು ಕೆಂಪಾದರೆ ಬಹುಮಟ್ಟಿಗೆ ಅದು ‘ಮದ್ರಾಸ್ ಐ’, ತಾನಾಗಿ ಇಳಿಯುವಂಥದು. ಒಂದೇ ಕಣ್ಣು, ಗೀಜು ಕಡಿಮೆ, ನೋವು ಹೆಚ್ಚು, ಬೆಳಕು ತಡೆಯಲಾಗದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಎಂದಾದರೆ ಅದು ಕಾರ್ನಿಯಾದ ಹುಣ್ಣಿರಬಹುದು. ಈ ಎರಡನ್ನು ಬೇರ್ಪಡಿಸುವ ಮಾತುಗಳು ಕನ್ನಡದಲ್ಲಿಯೇ ಇವೆ. ಆದರೆ ಇಂದು ಕೆಂಪಾದ ಕಣ್ಣೆಲ್ಲವೂ ‘ಮದ್ರಾಸ್ ಐ’ ಎಂಬ ಒಂದೇ ಹೆಸರಿನಡಿ ಸೇರಿಹೋಗಿ ಆ ವಿವೇಚನೆ ಮಸುಕಾಗಿದೆ.

೨. ರೆಪ್ಪೆಯ ಹೊರಗಿನ ಮದ್ದು, ರೆಪ್ಪೆಯ ಒಳಗಿನ ಮದ್ದು

ಹಳೆಯ ಮೈಸೂರು ಸೀಮೆಯಲ್ಲಿ ಪ್ರಚಲಿತವಾಗಿರುವ ಕಣ್ಣಿನ ಮನೆಮದ್ದುಗಳನ್ನು ಎರಡು ಗುಂಪಾಗಿ ವಿಂಗಡಿಸುವುದು ಉಪಯುಕ್ತ. ಮುಚ್ಚಿದ ರೆಪ್ಪೆಯ ಮೇಲೆ ನಂದಿಬಟ್ಟಲ ಹೂ ಇಡುವುದು, ನೆತ್ತಿಗೆ ಹರಳೆಣ್ಣೆ ಒತ್ತುವುದು, ಸೆರಗನ್ನು ಮುದುರಿ ಊದಿ ಉಸಿರಿನ ಶಾಖ ಕೊಡುವುದು, ದೃಷ್ಟಿ ತೆಗೆಯುವುದು, ಬೆಳ್ಳಿಯ ಕಣ್ಣು ಮಾಡಿಸಿ ಹರಕೆ ಒಪ್ಪಿಸುವುದು ಮೊದಲನೆಯ ಗುಂಪು. ಇವು ರೆಪ್ಪೆಯ ಹೊರಗೇ ಉಳಿಯುತ್ತವೆ. ಇವುಗಳಿಂದ ಕಾರ್ನಿಯಾಕ್ಕೆ ನೇರ ಅಪಾಯವಿಲ್ಲ, ಮನಸ್ಸಿಗೆ ಸಮಾಧಾನವೂ ಉಂಟು. ಸೊಪ್ಪಿನ ರಸ ಹಿಂಡುವುದು, ಎದೆಹಾಲು ಬಿಡುವುದು, ಕಸ ಬಿದ್ದಾಗ ನಾಲಿಗೆಯ ತುದಿಯಿಂದಲೋ ಬಟ್ಟೆಯ ಚುಂಗಿನಿಂದಲೋ ತೆಗೆಯುವುದು ಎರಡನೆಯ ಗುಂಪು. ಇವು ರೆಪ್ಪೆಯ ಒಳಗೆ, ಗಾಯದ ಮೇಲೆಯೇ ನಡೆಯುವಂಥವು.

ಎರಡನೆಯ ಗುಂಪಿನ ತೊಂದರೆಗೆ ಮೂರು ಕಾರಣಗಳಿವೆ. ಮೊದಲನೆಯದು, ಅರೆದ ಸೊಪ್ಪು, ಬಾವಿ ಕೆರೆಗಳ ನೀರು, ಬಾಯಿಯ ಎಂಜಲು ಇವುಗಳ ಜೊತೆ ಸೂಕ್ಷ್ಮಜೀವಿಗಳು ಕಣ್ಣು ಸೇರುತ್ತವೆ. ಎರಡನೆಯದು, ಉಜ್ಜಿದಾಗ ಕಾರ್ನಿಯಾದ ಮೇಲ್ಪದರ ಇನ್ನಷ್ಟು ಕಿತ್ತುಹೋಗುತ್ತದೆ. ಆ ಪದರವೇ ಸೋಂಕಿಗೆ ಇರುವ ಮುಖ್ಯ ತಡೆ. ಮೂರನೆಯದು, ದಿನಗಳು ಕಳೆಯುತ್ತವೆ. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂಬ ಗಾದೆಯನ್ನು ನಾವು ಪಕ್ಷಪಾತದ ಅರ್ಥದಲ್ಲಿ ಬಳಸುತ್ತೇವೆ. ಅದರೊಳಗೆ ಕಣ್ಣಿಗೆ ಬಿದ್ದ ಸುಣ್ಣ ಏನು ಮಾಡುತ್ತದೆಂಬ ಅನುಭವವೂ ಅಡಗಿದೆ. ರೆಪ್ಪೆಯ ಒಳಗೆ ಏನು ಹೋಗಬಾರದೆಂಬ ತಿಳಿವಳಿಕೆ ಜನಪದದಲ್ಲಿ ಇಲ್ಲದಿಲ್ಲ. ಅದು ಸುಣ್ಣಕ್ಕೆ ನಿಂತಿತು, ಸೊಪ್ಪಿನ ರಸದವರೆಗೆ ಬರಲಿಲ್ಲ.

ಈ ಗುಂಪಿಗೆ ಇಂದು ಇನ್ನೊಂದು ಮದ್ದು ಸೇರಿದೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ತರುವ ತೊಟ್ಟಿನ ಔಷಧಿಯೂ ಒಂದು ಬಗೆಯ ಮನೆಮದ್ದೇ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತದೆ, ಒಳಗಿನ ಸೋಂಕು ಬೆಳೆಯುತ್ತದೆ. ನೆರೆಯವರ ಮನೆಯಲ್ಲಿ ಉಳಿದ ಸೀಸೆಯನ್ನು ಕೈಬದಲು ಮಾಡಿಕೊಳ್ಳುವುದು ಸೊಪ್ಪನ್ನು ಕೈಬದಲು ಮಾಡಿಕೊಳ್ಳುತ್ತಿದ್ದ ಹಳೆಯ ಸಂಬಂಧದ ಮುಂದುವರಿಕೆಯೇ ಆಗಿದೆ.

೩. ಸೂಕ್ಷ್ಮದರ್ಶಕ ಹುಳುವಿನ ಮನೆಗೆ ಬಂದದ್ದು

ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕೃಷಿ ತನ್ನದೇ ಆದ ರೋಗಪರಿಭಾಷೆಯನ್ನು ಬೆಳೆಸಿಕೊಂಡಿದೆ. ಹುಳು ಪೊರೆ ಕಳಚುವ ಅವಸ್ಥೆಗೆ ‘ಜ್ವರ’ ಎಂದು ಹೆಸರು. ರೋಗಗಳು ಹಾಲು ತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ. ಗಂಟು ರೋಗವೆಂದರೆ ಪೆಬ್ರಿನ್. ಹುಳುವಿನ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ ಕಾಣುವುದರಿಂದ ದಕ್ಷಿಣ ಫ್ರಾನ್ಸಿನ ಆಡುಮಾತಿನಲ್ಲಿ ಮೆಣಸಿಗಿರುವ ಹೆಸರಿನಿಂದ ಪೆಬ್ರಿನ್ ಎಂಬ ಮಾತು ಹುಟ್ಟಿತು. ಹುಳುಗಳು ಏರುಪೇರಾಗಿ ಬೆಳೆಯುವುದು ಅದರ ಇನ್ನೊಂದು ಗುರುತು.

ಇದರ ಕಾರಣ ನೊಸೀಮಾ ಬಾಂಬಿಸಿಸ್ ಎಂಬ ಪರೋಪಜೀವಿ. ಇದಕ್ಕೆ ೧೮೫೭ರಲ್ಲಿ ನೇಗೆಲಿ ಹೆಸರು ಕೊಟ್ಟನು. ಮೈಕ್ರೋಸ್ಪೊರಿಡಿಯಾ ಎಂಬ ವರ್ಗದಲ್ಲಿ ಮೊದಲು ಹೆಸರು ಪಡೆದ ಜೀವಿ ಇದೇ. ಫ್ರಾನ್ಸಿನ ರೇಷ್ಮೆ ಉದ್ಯಮ ಈ ರೋಗದಿಂದ ನೆಲಕಚ್ಚಿದಾಗ ಲೂಯಿ ಪಾಶ್ಚರ್ ೧೮೬೫ರಲ್ಲಿ ಅಲೆಸ್ ಪ್ರದೇಶಕ್ಕೆ ಹೋಗಿ ಐದು ವರ್ಷ ದುಡಿದು, ೧೮೭೦ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಆದ್ದರಿಂದ ಮೊಟ್ಟೆ ಇಟ್ಟ ಪ್ರತಿಯೊಂದು ತಾಯಿ ಚಿಟ್ಟೆಯನ್ನೂ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು. ಇದು ಅವನು ಕೊಟ್ಟ ವಿಧಾನ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸಂಸ್ಥಾನವು ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿಕೊಂಡು ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವನ್ನು ತೆರೆದಾಗ, ರೋಗರಹಿತ ಮೊಟ್ಟೆಯ ಕಲ್ಪನೆಗೆ ಈ ಸೀಮೆಯಲ್ಲಿ ನೆಲೆ ಸಿಕ್ಕಿತು. ಮಾಗಡಿ, ಬಿಡದಿ, ಕುಣಿಗಲ್ ಕಡೆಯ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಪ್ರದೇಶವಾಗಿ ಹೆಸರಾದವು. ತಾಯಿ ಚಿಟ್ಟೆಯನ್ನು ಪೊಟ್ಯಾಶಿನ ತೆಳು ದ್ರಾವಣದಲ್ಲಿ ಅರೆದು ನೋಡುವ ಕ್ರಮ ಮೊಟ್ಟೆ ಕೇಂದ್ರಗಳ ನಿತ್ಯಕರ್ಮವಾಯಿತು.

ಜಾನಪದದ ದೃಷ್ಟಿಯಿಂದ ಮುಖ್ಯವಾದುದು ರೈತ ಇದನ್ನು ಒಪ್ಪಿಕೊಂಡ ಬಗೆ. ಹುಳುಮನೆಗೆ ಹೊರಗಿನವರನ್ನು ಬಿಟ್ಟುಕೊಳ್ಳದಿರುವುದು, ಕೈಕಾಲು ತೊಳೆದೇ ಒಳಗೆ ಹೋಗುವುದು ಮೊದಲಾದ ಮಡಿಯ ನಿಯಮಗಳು ರೇಷ್ಮೆ ಮನೆತನಗಳಲ್ಲಿ ಆಚರಣೆಯಲ್ಲಿದ್ದವು. ಮುಟ್ಟಾದ ಹೆಂಗಸರನ್ನು ಹೊರಗಿಡುವಂಥ ನಿಯಮಗಳಿಗೆ ರೋಗತಡೆಯ ಸಮರ್ಥನೆ ಇಲ್ಲ. ಕೈಕಾಲು ತೊಳೆಯುವ ನಿಯಮಕ್ಕೆ ಇದೆ. ಸುಣ್ಣ, ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಬಂದಾಗ ಅವು ಈ ಮಡಿಯೊಳಗೆ ಸುಲಭವಾಗಿ ಸೇರಿಕೊಂಡವು. ಹೊರನೋಟಕ್ಕೆ ಚೆನ್ನಾಗಿಯೇ ಕಾಣುವ ಮೊಟ್ಟೆಯನ್ನು ಸೂಕ್ಷ್ಮದರ್ಶಕದ ಮಾತಿನ ಮೇಲೆ ನಾಶಮಾಡಲು ಒಪ್ಪುವುದು ಸಣ್ಣ ನಂಬಿಕೆಯಲ್ಲ. ಒಂದು ಬೆಳೆಯ ಸಾಲ, ಮಗಳ ಮದುವೆ, ಹೊಲದ ಬಡ್ಡಿ ಎಲ್ಲವೂ ಆ ಮೊಟ್ಟೆಯ ಮೇಲೆ ನಿಂತಿರುತ್ತಿದ್ದವು.

೪. ಕಾರ್ನಿಯಾದ ಪರೋಪಜೀವಿಗಳು: ಪತ್ತೆ ಮತ್ತು ಚಿಕಿತ್ಸೆ

ಹುಳುವಿನಲ್ಲಿ ಕಂಡ ಜೀವಿವರ್ಗವು ಮನುಷ್ಯನ ಕಾರ್ನಿಯಾದಲ್ಲಿಯೂ ಇರಬಲ್ಲದೆಂಬುದು ವೈದ್ಯಲೋಕಕ್ಕೆ ತಿಳಿದದ್ದು ೧೯೭೩ರಲ್ಲಿ. ಶ್ರೀಲಂಕಾದ ಹನ್ನೊಂದು ವರ್ಷದ ಬಾಲಕನೊಬ್ಬನ ಕಾರ್ನಿಯಾದಲ್ಲಿ ಮೈಕ್ರೋಸ್ಪೊರಿಡಿಯಾ ಇದ್ದುದನ್ನು ಆಶ್ಟನ್ ಮತ್ತು ವೀರಸಿಂಘ ವರದಿ ಮಾಡಿದರು. ಆ ಬಾಲಕನ ಕಣ್ಣಿಗೆ ಹಿಂದೆ ಆಡು ಹಾಯ್ದು ಪೆಟ್ಟಾಗಿತ್ತು. ನೇಗೆಲಿ ಹೆಸರಿಟ್ಟ ಮೇಲೆ ಈ ವರದಿಗೆ ನೂರಹದಿನಾರು ವರ್ಷ ಹಿಡಿಯಿತು. ರೇಷ್ಮೆಹುಳುವಿನ ಗಂಟು ರೋಗವೇ ಮನುಷ್ಯನ ಕಣ್ಣಿಗೆ ತಗಲುತ್ತದೆಂದು ಇದರಿಂದ ತಿಳಿಯಬಾರದು. ಕಣ್ಣಿನಲ್ಲಿ ಕಾಣುವ ವಿಟ್ಟಾಫಾರ್ಮಾ ಮೊದಲಾದವು ಅದೇ ವರ್ಗದ ಬೇರೆ ಜೀವಿಗಳು. ಹಳೆಯ ಪಠ್ಯಗಳು ಈ ವರ್ಗವನ್ನು ಪ್ರೋಟೋಜೋವಾ ಎಂದವು, ಇಂದಿನ ವಿಜ್ಞಾನ ಇವನ್ನು ಶಿಲೀಂಧ್ರಗಳ ಬಂಧುಗಳೆಂದು ಪರಿಗಣಿಸುತ್ತದೆ.

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ೨೦೦೦ದ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ, ದಕ್ಷಿಣ ಭಾರತದಲ್ಲಿ ಈ ಸೋಂಕು ಆರೋಗ್ಯವಂತರಲ್ಲಿಯೂ, ಮಳೆಗಾಲದಲ್ಲಿ ಹೆಚ್ಚಾಗಿಯೂ ಕಾಣುತ್ತದೆಂದು ಖಚಿತವಾಯಿತು. ಇದಕ್ಕೆ ಎರಡು ರೂಪಗಳಿವೆ. ಮೇಲ್ಪದರದಲ್ಲಿ ಸಣ್ಣ ಚುಕ್ಕೆಗಳಾಗಿ ಕಾಣುವ ರೂಪ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಮನೆಮದ್ದಿಗೆ ಕೀರ್ತಿ ಬರುವುದು ಇಂಥ ಸಂದರ್ಭಗಳಲ್ಲಿಯೇ. ಆಳದ ಪದರಕ್ಕೆ ಇಳಿದ ರೂಪ ತೊಟ್ಟಿನ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ, ಹಲವೊಮ್ಮೆ ಕಾರ್ನಿಯಾ ಬದಲಾವಣೆಯೇ ದಾರಿ.

ಇನ್ನೊಂದು ಪರೋಪಜೀವಿ ಅಕಾಂತಮೀಬಾ. ಕೆರೆ, ಕಾಲುವೆ, ನಲ್ಲಿ, ತೇವದ ಮಣ್ಣು, ಧೂಳು ಎಲ್ಲೆಡೆ ಇದು ಸ್ವತಂತ್ರವಾಗಿ ಬದುಕುತ್ತದೆ. ಗಾಯವಾದ ಕಾರ್ನಿಯಾ ಸಿಕ್ಕಿದಾಗ ಪರೋಪಜೀವಿಯಾಗುತ್ತದೆ. ಪ್ರತಿಕೂಲ ಸ್ಥಿತಿಯಲ್ಲಿ ಎರಡು ಗೋಡೆಯ ಕೋಶವನ್ನು ಕಟ್ಟಿಕೊಂಡು ಔಷಧಿಗೂ ಜಗ್ಗದೆ ಉಳಿಯುವುದು ಇದರ ವಿಶೇಷ. ಇದರಿಂದಾದ ಕಾರ್ನಿಯಾ ಹುಣ್ಣು ೧೯೭೦ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಟೆಕ್ಸಾಸ್ ಮತ್ತು ಇಂಗ್ಲೆಂಡಿನಲ್ಲಿ ಪತ್ತೆಯಾಯಿತು. ೧೯೮೦ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಇದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ರೋಗವೆಂದೇ ಹೆಸರಾಯಿತು. ೧೯೯೦ರಲ್ಲಿ ಮಧುರೆಯಿಂದ ಶರ್ಮಾ, ಶ್ರೀನಿವಾಸನ್, ಜಾರ್ಜ್ ಪ್ರಕಟಿಸಿದ ವರದಿ ಈ ಚಿತ್ರವನ್ನು ತಿದ್ದಿತು. ಅವರ ರೋಗಿಗಳು ಲೆನ್ಸ್ ಧರಿಸಿದವರಲ್ಲ. ನಮ್ಮಲ್ಲಿ ಇದು ಮುಖ್ಯವಾಗಿ ಪೆಟ್ಟು, ಮಣ್ಣು ಮತ್ತು ಕೊಳೆ ನೀರಿನ ರೋಗ. ಹಿಪ್ಪುನೇರಳೆ ಕಡ್ಡಿ ಕತ್ತರಿಸುವಾಗ, ಕಬ್ಬಿನ ಗರಿ ಬಡಿದಾಗ, ಗೊಂಬೆಯ ಆಲೆ ಮರವನ್ನು ಲೇತಿನಲ್ಲಿ ಕಡೆಯುವಾಗ ಕಣ್ಣಿಗೆ ಬೀಳುವ ಸಣ್ಣ ಗಾಯಗಳು ಈ ಸೀಮೆಯ ದುಡಿಮೆಯ ಭಾಗವೇ ಆಗಿವೆ. ಆ ಗಾಯಕ್ಕೆ ಸಿಗುವ ಮೊದಲ ಉಪಚಾರ ಹತ್ತಿರದ ನೀರು.

ಆದರೆ ಪ್ರಮಾಣದ ವಿವೇಕವೂ ಬೇಕು. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ನಡೆದು ೧೯೯೭ರಲ್ಲಿ ಪ್ರಕಟವಾದ ಅಧ್ಯಯನದ ೪೩೪ ಕಾರ್ನಿಯಾ ಹುಣ್ಣಿನ ರೋಗಿಗಳಲ್ಲಿ ಶೇಕಡ ೬೫ ಮಂದಿಗೆ ಕಣ್ಣಿಗೆ ಪೆಟ್ಟಾಗಿತ್ತು. ಸೂಕ್ಷ್ಮಜೀವಿ ಬೆಳೆದ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಪಾಲು ಹೆಚ್ಚುಕಡಿಮೆ ಸಮವಾಗಿದ್ದು, ಅಕಾಂತಮೀಬಾದ ಪಾಲು ಶೇಕಡ ೧ ಮಾತ್ರ. ಅಪರೂಪವಾದುದರಿಂದಲೇ ಇದು ಹರ್ಪಿಸ್ ವೈರಾಣುವಿನ ಹುಣ್ಣೆಂದೋ ಶಿಲೀಂಧ್ರದ ಹುಣ್ಣೆಂದೋ ತಪ್ಪಾಗಿ ಗ್ರಹಿಸಲ್ಪಟ್ಟು ವಾರಗಳು ಕಳೆದುಹೋಗುತ್ತವೆ.

ಪತ್ತೆಯ ವಿಧಾನ ಹೀಗಿದೆ. ಕಣ್ಣಿಗೆ ಅರಿವಳಿಕೆಯ ತೊಟ್ಟು ಹಾಕಿ, ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ಹುಣ್ಣಿನ ಅಂಚಿನಿಂದ ಒಂದಿಷ್ಟು ಅಂಶವನ್ನು ಕೆರೆದು ಗಾಜಿನ ಪಟ್ಟಿಯ ಮೇಲೆ ಹರಡುತ್ತಾರೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿದಾಗ ಅಂಗಾಂಶ ತಿಳಿಯಾಗಿ ಶಿಲೀಂಧ್ರದ ಎಳೆ, ಅಮೀಬಾದ ಕೋಶ ಕಾಣುತ್ತವೆ. ತಾಯಿ ಚಿಟ್ಟೆಯನ್ನು ಅರೆಯುವ ಪೊಟ್ಯಾಶಿನ ನಂಟೇ ಇಲ್ಲಿಯೂ ಇದೆ. ಕ್ಯಾಲ್ಕೊಫ್ಲೋರ್ ಎಂಬ ಬಣ್ಣ ಸೇರಿಸಿ ವಿಶೇಷ ಬೆಳಕಿನಲ್ಲಿ ನೋಡಿದರೆ ಕೋಶದ ಗೋಡೆ ಹೊಳೆಯುತ್ತದೆ. ಮೈಕ್ರೋಸ್ಪೊರಿಡಿಯಾದ ಬೀಜಕಣಗಳು ಗ್ರಾಂ ಮತ್ತು ಆಮ್ಲಸಹ ಬಣ್ಣಗಳಲ್ಲಿ ಅಂಡಾಕಾರವಾಗಿ ಕಾಣುತ್ತವೆ. ಅಮೀಬಾವನ್ನು ಬೆಳೆಸಲು ಪೋಷಕಾಂಶವಿಲ್ಲದ ಅಗಾರಿನ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾವನ್ನು ಹರಡುತ್ತಾರೆ. ಅಮೀಬಾ ಅದನ್ನು ಮೇಯುತ್ತ ಹೋದ ಜಾಡು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ದೊಡ್ಡ ಕೇಂದ್ರಗಳಲ್ಲಿ ಕೆರೆಯದೆಯೇ ನೋಡುವ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಮತ್ತು ಪಿ.ಸಿ.ಆರ್. ಪರೀಕ್ಷೆಗಳೂ ಬಂದಿವೆ.

ಅಕಾಂತಮೀಬಾ ಸೋಂಕು ಔಷಧಿಯಿಂದಲೇ ಗುಣವಾದ ಮೊದಲ ವರದಿ ೧೯೮೫ರಲ್ಲಿ ಇಂಗ್ಲೆಂಡಿನಿಂದ ಬಂದಿತು. ಅದರಲ್ಲಿ ಪ್ರೊಪಾಮಿಡಿನ್ ಬಳಸಲಾಗಿತ್ತು. ಅನಂತರ ಪಿ.ಎಚ್.ಎಂ.ಬಿ. ಮತ್ತು ಕ್ಲೋರ್‌ಹೆಕ್ಸಿಡಿನ್ ತೊಟ್ಟುಗಳು ಮುಖ್ಯ ಔಷಧಿಗಳಾದವು. ಮೊದಲ ದಿನಗಳಲ್ಲಿ ಹಗಲಿರುಳೂ ಗಂಟೆಗೊಮ್ಮೆ, ಮುಂದೆ ನಿಧಾನವಾಗಿ ಇಳಿಸುತ್ತ ತಿಂಗಳುಗಟ್ಟಲೆ ಹಾಕಬೇಕು. ಕೋಶದೊಳಗೆ ಅಡಗಿದ ಅಮೀಬಾ ಮತ್ತೆ ಎಚ್ಚರಗೊಳ್ಳುವುದೇ ಇದಕ್ಕೆ ಕಾರಣ. ಈ ರೋಗಕ್ಕೆಂದೇ ಸಿದ್ಧವಾದ ಪಾಲಿಹೆಕ್ಸಾನೈಡ್ ತೊಟ್ಟಿಗೆ ೨೦೨೪ರಲ್ಲಿ ಯುರೋಪಿನಲ್ಲಿ ಅನುಮತಿ ದೊರೆಯಿತು. ಔಷಧಿ ಫಲಿಸದೆ ಕಾರ್ನಿಯಾ ತೂತಾಗುವ ಹಂತ ತಲುಪಿದರೆ ಅಥವಾ ಹೂ ಉಳಿದುಬಿಟ್ಟರೆ ಕಾರ್ನಿಯಾ ಕಸಿಯೇ ಉಳಿದ ದಾರಿ.

೫. ಶಿಬಿರ, ಹರಕೆ ಮತ್ತು ದಾನ

ಬೆಂಗಳೂರಿನಲ್ಲಿ ೧೮೯೬ರಲ್ಲಿ ಆರಂಭವಾಗಿ ೧೯೧೩ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಾಸ್ಪತ್ರೆ ಈ ಸೀಮೆಗೆ ದೂರವೇನಲ್ಲ. ಆದರೂ ಹಳ್ಳಿಗಳಲ್ಲಿ ಆಧುನಿಕ ನೇತ್ರಚಿಕಿತ್ಸೆಯ ಚಿತ್ರವನ್ನು ರೂಪಿಸಿದ್ದು ಶಿಬಿರಗಳು. ಡಾ. ಎಂ.ಸಿ. ಮೋದಿಯವರು ದಶಕಗಳ ಕಾಲ ಊರೂರಿನಲ್ಲಿ ನಡೆಸಿದ ಸಾಮೂಹಿಕ ಶಸ್ತ್ರಚಿಕಿತ್ಸೆಗಳು ಅಸಂಖ್ಯ ಜನರಿಗೆ ದೃಷ್ಟಿ ಮರಳಿಸಿದವು. ೧೯೭೬ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಮುಖ್ಯವಾಗಿ ಪೊರೆಯನ್ನೇ ಗುರಿಯಾಗಿಸಿಕೊಂಡಿತು. ಇವುಗಳ ಉಪಕಾರ ಪ್ರಶ್ನಾತೀತ. ಆದರೆ ಕಣ್ಣಿನ ತೊಂದರೆ ಶಿಬಿರದ ದಿನದವರೆಗೆ ಕಾಯಬಹುದೆಂಬ ಭಾವನೆ ಇವುಗಳ ಜೊತೆಗೆ ಬೆಳೆಯಿತು. ಪೊರೆ ಕಾಯುತ್ತದೆ, ಹುಣ್ಣು ಕಾಯುವುದಿಲ್ಲ.

ಕಣ್ಣಿನ ದಾನದ ವಿಷಯದಲ್ಲಿ ಜನಪದ ಸ್ಮೃತಿ ನೆರವಿಗೆ ಬಂದಿದೆ. ೧೯೦೫ರಲ್ಲಿ ಎಡುವರ್ಡ್ ಝಿರ್ಮ್ ನಡೆಸಿದ, ಮೊದಲ ಯಶಸ್ವಿ ಕಾರ್ನಿಯಾ ಕಸಿಯೆಂದು ಹೆಸರಾದ ಶಸ್ತ್ರಚಿಕಿತ್ಸೆಯ ರೋಗಿ ಸುಣ್ಣದಿಂದ ಕಣ್ಣು ಕಳೆದುಕೊಂಡ ಕೂಲಿಕಾರ. ನಮ್ಮ ಗಾದೆಯ ಸುಣ್ಣಕ್ಕೆ ಅಲ್ಲೊಂದು ಪರಿಹಾರ ದೊರೆತಂತಾಯಿತು. ಆದರೆ ಕಸಿಗೆ ಬೇಕಾದ ಕಣ್ಣು ಸತ್ತವರಿಂದಲೇ ಬರಬೇಕು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡರ ಕಣ್ಣಪ್ಪನ ಕಥೆ ಹಳ್ಳಿಯ ರಂಗಭೂಮಿಯಿಂದ ೧೯೫೪ರ ಚಲನಚಿತ್ರದವರೆಗೆ ಹರಿದು ಬಂದದ್ದು. ಆ ಪಾತ್ರ ವಹಿಸಿದ ಡಾ. ರಾಜ್‌ಕುಮಾರ್ ೨೦೦೬ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ೨೦೨೧ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಾರ್ನಿಯಾಗಳನ್ನು ಪದರಪದರವಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಪುರಾಣದ ತ್ಯಾಗ ನಾಗರಿಕ ಕರ್ತವ್ಯವಾಗಿ ಮಾರ್ಪಡುವ ಕ್ರಿಯೆ ನಮ್ಮ ಕಣ್ಣೆದುರೇ ನಡೆದಿದೆ. ಆದರೆ ದಾನದ ಕಣ್ಣು ಕೊನೆಯ ಉಪಾಯ. ಅದಕ್ಕೆ ಮೊದಲಿನ ವಾರಗಳನ್ನು ಉಳಿಸಿಕೊಳ್ಳುವುದು ಹೆಚ್ಚಿನ ಕೆಲಸ.

ನೇಪಾಳದ ಭಕ್ತಪುರದಲ್ಲಿ ನಡೆದು ೨೦೦೧ರಲ್ಲಿ ಪ್ರಕಟವಾದ ಅಧ್ಯಯನ ಈ ದೃಷ್ಟಿಯಿಂದ ಮುಖ್ಯವಾದುದು. ಅಲ್ಲಿ ಕಣ್ಣಿಗೆ ಗೀರು ಬಿದ್ದವರಿಗೆ ಊರಿನ ಆರೋಗ್ಯ ಕಾರ್ಯಕರ್ತರೇ ಪ್ರತಿಜೈವಿಕ ಮುಲಾಮು ಹಚ್ಚಿದರು. ಹದಿನೆಂಟು ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಆ ಮುಲಾಮು ಅಕಾಂತಮೀಬಾವನ್ನು ಕೊಲ್ಲುವಂಥದಲ್ಲ. ಆದರೆ ಗಾಯವಾದವನು ಮೊದಲ ದಿನವೇ ತಿಳಿದವರ ಮುಂದೆ ಕೂತರೆ ಸೊಪ್ಪಿನ ರಸಕ್ಕೂ ಸ್ಟೀರಾಯ್ಡ್ ತೊಟ್ಟಿಗೂ ಎಡೆಯಿರುವುದಿಲ್ಲ, ವಾಸಿಯಾಗದ ಕಣ್ಣು ಬೇಗ ಪ್ರಯೋಗಾಲಯ ತಲುಪುತ್ತದೆ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಸೀಮೆಯ ರೈತ ಸೂಕ್ಷ್ಮದರ್ಶಕವನ್ನು ನಂಬದವನಲ್ಲ. ಚಿಟ್ಟೆಯ ವಿಷಯದಲ್ಲಿ ಶತಮಾನದಿಂದ ನಂಬಿದ್ದಾನೆ. ಮೊಟ್ಟೆ ಕೇಂದ್ರ ಅವನ ಊರಿನ ಹತ್ತಿರ ಬಂದಿತು, ಅವನ ಮಾತಿನಲ್ಲಿ ರೋಗಕ್ಕೆ ಹೆಸರು ಸಿಕ್ಕಿತು, ತಪ್ಪಿದರೆ ನಷ್ಟವೇನೆಂದು ಅವನಿಗೆ ತಿಳಿದಿತ್ತು. ಕಣ್ಣಿನ ವಿಷಯದಲ್ಲಿ ಈ ಮೂರೂ ಒದಗಿಬರಲಿಲ್ಲ. ‘ನಿಮ್ಮ ಕಣ್ಣಿಗೂ ಗಂಟು ರೋಗದಂಥ, ಬರಿಗಣ್ಣಿಗೆ ಕಾಣದ ಒಂದು ಜೀವಿ ಹೊಕ್ಕಿರಬಹುದು, ಕೆರೆದು ನೋಡಬೇಕು’ ಎಂದು ಹೇಳಿದರೆ ರೇಷ್ಮೆ ಬೆಳೆದ ಮನೆಯವರಿಗೆ ಅದು ಅಪರಿಚಿತ ಮಾತಾಗುವುದಿಲ್ಲ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಈ ಹೋಲಿಕೆಯನ್ನು ಬಳಸಿಕೊಳ್ಳಲು ಸಾಧ್ಯವಿದೆ.

ಇನ್ನು ನಮ್ಮ ಹೊಣೆ. ಈ ಲೇಖಕನೂ ತನ್ನ ಮೊದಲ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಕಣ್ಣು ಬೇನೆಯ ಸೊಪ್ಪುಗಳನ್ನು ಹೆಸರು, ಅಳತೆ, ಹೊತ್ತು ಸಹಿತ ಬರೆದುಕೊಂಡವನೇ. ಮದ್ದು ಹಾಕಿಸಿಕೊಂಡವರ ಕಣ್ಣು ಹೇಗಿದೆಯೆಂದು ಕೇಳಿದ ದಾಖಲೆ ಆ ಪುಟಗಳಲ್ಲಿಲ್ಲ. ಮದ್ದು ಹೇಳಿದ ಹಿರಿಯರು ನಮಗೆ ಮೋಸ ಮಾಡಿದವರಲ್ಲ, ಇತರ ನೆರವು ಇಲ್ಲದ ಕಾಲದಲ್ಲಿ ತಮಗೆ ತಿಳಿದುದನ್ನು ಮಾಡಿದವರು. ಆದರೆ ಮುದ್ರಣಗೊಂಡ ಪಟ್ಟಿಗೆ ವಿಶ್ವವಿದ್ಯಾಲಯದ ಮುದ್ರೆ ಬೀಳುತ್ತದೆ, ಅದನ್ನು ಓದಿ ಪ್ರಯೋಗಿಸುವವರಿರುತ್ತಾರೆ. ಆದ್ದರಿಂದ ಕಣ್ಣಿನ ಮದ್ದನ್ನು ದಾಖಲಿಸುವವರು ಐದು ಸಂಗತಿಗಳನ್ನು ಕಡ್ಡಾಯವಾಗಿ ಕೇಳಿ ಬರೆಯುವುದು ಸೂಕ್ತ: ಕಣ್ಣಿಗೆ ಏನು ಬಿದ್ದಿತ್ತು, ಎಷ್ಟನೆಯ ದಿನ ಮದ್ದು ಹಾಕಿದರು, ರೆಪ್ಪೆಯ ಹೊರಗೋ ಒಳಗೋ, ಯಾವ ನೀರು ಬಳಸಿದರು, ಆ ಕಣ್ಣು ಈಗ ಕಾಣುತ್ತಿದೆಯೇ. ನೇತ್ರವೈದ್ಯರು ರೋಗಿಯಿಂದ ಪಡೆಯಬಯಸುವ ಪೂರ್ವವೃತ್ತಾಂತವೂ ಇದೇ ಆಗಿದೆ. ಈಗಾಗಲೇ ಪ್ರಕಟವಾಗಿರುವ ಸಂಗ್ರಹಗಳು ಮರುಮುದ್ರಣಗೊಳ್ಳುವಾಗ ರೆಪ್ಪೆಯ ಒಳಗಿನ ಮದ್ದುಗಳಿಗೆ ಎಚ್ಚರಿಕೆಯ ಟಿಪ್ಪಣಿಯನ್ನು ಸೇರಿಸುವುದು ಸಂಪಾದಕರ ಕರ್ತವ್ಯ. ಜನಪದ ಜ್ಞಾನದ ಗೌರವ ಅದರಿಂದ ಕಡಿಮೆಯಾಗುವುದಿಲ್ಲ.